ಅಣ್ಣಾರ ಗಾಡಿಯ ತವರಿನ ಸೀಟು

ನಿನ್ನೆ ಕಪಾಟಿನಲ್ಲಿ ಸೂಜಿದಾರ ಹುಡುಕುವಾಗ ಕಪ್ಪು ಬಟ್ಟೆಯ ಒಂದು ಕಣ್ಣುಪಟ್ಟಿ ಕೈಗೆ ಸಿಕ್ಕಿತು. ಹಿಂದೆ ಇಲಾಸ್ಟಿಕ್, ಮುಂದೆ ಬೆಳ್ಳಿ ಬಣ್ಣದಲ್ಲಿ ಒಂದು ಹಡಗಿನ ಚಿತ್ರ, ಅದರ ಕೆಳಗೆ ಬಸ್ ಕಂಪನಿಯ ಹೆಸರು. ಕಣ್ಣಿಗೆ ಕಟ್ಟಿಕೊಂಡು ಮಲಗಿ ಎಂದು ಪ್ರಯಾಣಿಕರಿಗೆ ಪುಕ್ಕಟೆ ಕೊಟ್ಟದ್ದು. ಬಸ್ಸು ನಾಸಿಕ ಬಿಡುವುದು ಬೆಳಿಗ್ಗೆ ಹತ್ತಕ್ಕೆ, ಛತ್ರಪತಿ ಸಂಭಾಜಿನಗರ ಮುಟ್ಟುವುದು ಮಧ್ಯಾಹ್ನ ಎರಡಕ್ಕೆ. ನಡುಹಗಲಿನಲ್ಲಿ ಕಣ್ಣು ಮುಚ್ಚಿಕೊಂಡು ಬನ್ನಿ ಎಂದು ಗಿರಾಕಿಗಳಿಗೆ ಹೇಳುವ ಬಸ್ಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಅಷ್ಟಕ್ಕೇ ಬಿಡಬಾರದೆನಿಸಿ, ತೆಗೆದು, ಅದರಿಂದ ಗ್ಯಾಸ್ ಒಲೆ ಒರೆಸಿ ಮತ್ತೆ ಹಾಕಿದೆ. ಸಿಟ್ಟು ಇಳಿಯಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಸ್ವಭಾವತಃ ನಾನು ಸಿಟ್ಟಿನವಳಲ್ಲ. ದಿನಚರಿ ಬರೆಯುವ ಚಟ ಮಾತ್ರ ಇದೆ. ಪ್ರತಿ ತಿಂಗಳ ಕೊನೆಗೆ ಅದರಲ್ಲೊಂದು ಪುಟವನ್ನು ಕೂಡಿ ಕಳೆಯುವುದಕ್ಕೆ ಮೀಸಲಿಡುತ್ತೇನೆ: ಎಷ್ಟು ಸಿನಿಮಾ ನೋಡಿದೆ, ಎಷ್ಟು ಸಲ ಅವ್ವನಿಗೆ ಫೋನು ಮಾಡಲು ಮರೆತೆ, ಎಷ್ಟು ಜಗಳ ಆಡಿದೆ. ಊರಿನ ಜಮೀನು ಲೆಕ್ಕ ಬರೆಯುವವನಿಗೆ ಈ ಕಡೆ ತಲಾಠಿ ಎನ್ನುತ್ತಾರೆ. ಅಕ್ಕ ನನ್ನನ್ನು ಕರೆಯುವುದು ಹಾಗೆಯೇ. ಜಗಳದ ಕಾಲಂನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಗೆರೆ ಇರುತ್ತವೆ, ಅವೂ ಆಟೋದವರ ಜೊತೆಗಿನವು. ಆ ಬಸ್ಸಿನ ತಿಂಗಳಲ್ಲಿ ಮಾತ್ರ ಕಾಲಂ ತುಂಬಿ ಗೆರೆಗಳು ಪಕ್ಕದ ಸಿನಿಮಾದ ಮನೆಗೆ ನುಗ್ಗಿವೆ. ಮೊದಲನೆಯದೊಂದನ್ನು ಬಿಟ್ಟರೆ ಎಲ್ಲವೂ ಒಂದೇ ದಿನದವು.

ಕಂಪನಿಯ ಹೆಸರು ಬರೆಯುವುದಿಲ್ಲ. ಬೈದರೂ ಅವರಿಗೆ ಅದು ಜಾಹೀರಾತೇ. ನಮ್ಮ ಜನ ಅದನ್ನು ಹೆಸರಿನಿಂದ ಕರೆದದ್ದೂ ಇಲ್ಲ. ಮೊದಲಿನಿಂದ ಅದು 'ಅಣ್ಣಾರ ಗಾಡಿ'. ಅಣ್ಣಾರು ಬೀದರ ಜಿಲ್ಲೆಯಿಂದ ಬಂದು ಇಲ್ಲಿ ಬೇಳೆಕಾಳಿನ ವ್ಯಾಪಾರ ಮಾಡಿದವರು. ನಾಸಿಕ, ಸಂಭಾಜಿನಗರ ಎರಡೂ ಊರಿನಲ್ಲಿ ನಮ್ಮವರ ಮನೆಗಳಿದ್ದವು: ಬೀದರ, ಕಲಬುರಗಿ ಕಡೆಯ ಅಂಗಡಿಯವರು, ನಮ್ಮಪ್ಪನ ಹಾಗೆ ಕಾರ್ಖಾನೆ ಕೆಲಸಕ್ಕೆಂದು ಬಂದವರು, ಮೇಲೆ ಕರಾವಳಿಯ ಹೋಟೆಲಿನವರು. ಇವರೆಲ್ಲ ವರ್ಷಕ್ಕೆ ಹತ್ತು ಸಲ ಒಬ್ಬರ ಮನೆಗೊಬ್ಬರು ಹೋಗಿ ಬರುವುದನ್ನು ನೋಡಿ ಅಣ್ಣಾರು ಒಂದು ಬಸ್ಸು ಹಾಕಿದರು. ದಿನಕ್ಕೊಂದು ಸಲ ಹೋಗುವುದು, ಒಂದು ಸಲ ಬರುವುದು. ನೇರ ರಸ್ತೆ ಇದ್ದರೂ ಅದು ಚಾಂದವಡದ ಮೇಲೆ ಸುತ್ತಿ ಹೋಗುತ್ತಿತ್ತು, ಏಕೆಂದರೆ ಅಣ್ಣಾರ ಭಾವಮೈದುನ ಅಲ್ಲಿ ಈರುಳ್ಳಿ ದಲಾಲಿ ಮಾಡುತ್ತಿದ್ದ. ಒಬ್ಬ ಮನುಷ್ಯನ ಭಾವಮೈದುನನಿಗಾಗಿ ಐವತ್ತು ಜನ ಮುಕ್ಕಾಲು ತಾಸು ಹೆಚ್ಚಿಗೆ ಕೂತು ಹೋಗುವುದು ಸರಿಯೇ ಎಂದು ಆಗ ಯಾರಿಗೂ ಅನಿಸಿರಲಿಲ್ಲ. ಕಾಲ ಕೆಳಗೆ ಈರುಳ್ಳಿ ಚೀಲ, ತೊಡೆಯ ಮೇಲೆ ರೊಟ್ಟಿ ಗಂಟು. ಮನೆಗೆ ಮುಟ್ಟಿದ ಮೇಲೂ ಎರಡು ದಿನ ನನ್ನ ಕೂದಲಲ್ಲಿ ಈರುಳ್ಳಿ ವಾಸನೆ ಇರುತ್ತಿತ್ತು. ಶಾಲೆಯಲ್ಲಿ ಪಕ್ಕದವಳು ಮೂಗು ಹಿಡಿದು, ಅಜ್ಜಿ ಮನೆಗೆ ಹೋಗಿದ್ದೆಯಾ ಎಂದು ಕೇಳುತ್ತಿದ್ದಳು.

ಆ ಬಸ್ಸಿನಲ್ಲಿ ಒಂದು ಸೀಟನ್ನು ಮಾರುತ್ತಿರಲಿಲ್ಲ.

ಮುಂದೆ, ಎಡಗಡೆ, ಡ್ರೈವರಿಗೆ ಸಮನಾಗಿ, ದೊಡ್ಡ ಗಾಜಿಗೆ ಎದುರಾಗಿದ್ದ ಒಂಟಿ ಸೀಟು. ಅದರ ಮೇಲೆ ಒರಗಲು ಒಂದು ಲೋಡುದಿಂಬು ಇಟ್ಟಿರುತ್ತಿದ್ದರು. ಬಸುರಿ ಮಗಳು ಬಾಣಂತನಕ್ಕೆಂದು ತವರಿಗೆ ಹೊರಟರೆ ಅದು ಅವಳದು. ಯಾರೂ ಹೊರಟಿಲ್ಲವೇ, ಖಾಲಿ ಹೋಗುತ್ತಿತ್ತು. ಮದುವೆ ಸುಗ್ಗಿಯ ಲಗ್ನಸರಾಯಿಯಲ್ಲಿ ಜನ ಬಾಗಿಲಿಗೆ ಜೋತಾಡಿದರೂ ಲೋಡು ಮಾತ್ರ ಅಲ್ಲಿ ಆರಾಮವಾಗಿ ಕೂತು ಊರು ನೋಡುತ್ತ ಹೋಗುತ್ತಿತ್ತು. ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ಅಣ್ಣಾರು, "ಗಾಡಿಗಿ ಮೊದಲೇ ಒಂದು ಸೀಟ್ ಕಮ್ಮಿ ಅದ ಅಂತ ತಿಳ್ಕೊಳ್ರಿ" ಎನ್ನುತ್ತಿದ್ದರು.

ನನಗೆ ಆರು ವರ್ಷವಿದ್ದಾಗ ಆ ಸೀಟಿನ ಮೇಲೆ ಭಾರೀ ಆಸೆಯಾಗಿತ್ತು. ಡ್ರೈವರ್ ನಾಮದೇವ ಕಾಕಾ ಮರಾಠಿಯವರು. ನಮ್ಮ ಜೊತೆ ಓಡಾಡಿ ಅರ್ಧಂಬರ್ಧ ಕನ್ನಡ ಕಲಿತಿದ್ದರು. "ಹೊಟ್ಟಿ ತಗೊಂಡು ಬಾ ತಾಯಿ, ಮತ್ತ ಕುಂದ್ರು" ಎಂದು ನಕ್ಕರು. ಮುಂದಿನ ಸಲ ನಾನು ಅಪ್ಪನ ಸ್ವೆಟರನ್ನು ಮಡಚಿ ಫ್ರಾಕಿನೊಳಗೆ ತುರುಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಉಸ್ಸೆನ್ನುತ್ತ ಬಸ್ಸು ಹತ್ತಿದೆ. ಇಡೀ ಬಸ್ಸು ನಕ್ಕಿತು. ಅವ್ವ ಕಿವಿ ಹಿಂಡಿದಳು. ಕಾಕಾ ಮಾತ್ರ ಮಾತಿಗೆ ತಪ್ಪದೆ ಚಾಂದವಡದವರೆಗೆ ನನ್ನನ್ನು ಅಲ್ಲಿ ಕೂಡಿಸಿದರು. ಏಪ್ರಿಲ್ ತಿಂಗಳು, ಸ್ವೆಟರಿನ ಶೆಕೆಗೆ ಹೊಟ್ಟೆಯ ತುಂಬ ಬೆವರುಸಾಲೆ ಎದ್ದು, ಒಂದು ವಾರ ಪೌಡರು ಬಡಿದುಕೊಂಡು ತಿರುಗಿದೆ.

ನಿಜವಾದ ಬಸುರಿ ಕೂತ ದಿನ ಬೇರೆಯೇ ಗದ್ದಲ. ಯೇವಲೆಯಲ್ಲಿ ಚಹಾಕ್ಕೆ ನಿಂತಾಗ ಹೆಂಗಸರೆಲ್ಲ ಸೇರಿ ಅವಳ ಉಡಿ ತುಂಬುತ್ತಿದ್ದರು. ಗೊತ್ತಿದ್ದವರು, ಗೊತ್ತಿಲ್ಲದವರು ಎಂಬುದಿಲ್ಲ. ಕೈಯಲ್ಲಿ ಏನಿದೆಯೋ ಅದು: ಬಾಳೆಹಣ್ಣು, ಶೇಂಗಾ ಉಂಡಿ, ಯಾರಿಗೋ ಒಯ್ಯುತ್ತಿದ್ದ ಕುಬಸದ ಖಣ. ಆ ದಿನ ಗಾಡಿ ಮುಟ್ಟುವುದೂ ತಡ. ನಾಮದೇವ ಕಾಕಾ ಪ್ರತಿ ತಗ್ಗಿಗೂ ಗಾಡಿಯನ್ನು ಹಾಸಿಗೆಯಲ್ಲಿ ಮಗು ಇಳಿಸಿದ ಹಾಗೆ ಇಳಿಸುತ್ತಿದ್ದರು. ಊರಲ್ಲಿ ಕಾಯುವವರು ತಡವಾದದ್ದು ನೋಡಿ, ಇವತ್ತು ಯಾರೋ ತವರಿಗೆ ಬರುತ್ತಿದ್ದಾರೆ ಎಂದುಕೊಂಡು ಇನ್ನೊಂದು ಚಹಾ ಕುಡಿಯುತ್ತಿದ್ದರು.

ಅಣ್ಣಾರು ತೀರಿಕೊಂಡರು. ಗಾಡಿ ಮೊಮ್ಮಗನ ಕೈಗೆ ಹೋಯಿತು. ಹಳೆಯ ಬಸ್ಸು ಗುಜರಿಗೆ ಹೋಗಿ ಅದರ ಜಾಗದಲ್ಲಿ ಗಾಜು ಮತ್ತು ಗಾಳಿಯಿಂದ ಮಾಡಿದಂಥ ಒಂದು ಉದ್ದನೆಯ ಬಿಳಿಯ ವಾಹನ ಬಂತು. ಅದಕ್ಕೆ 'ರೋಡ್ ಕ್ರೂಜ್' ಎಂದು ಹೆಸರು. ನಾಸಿಕದಿಂದ ಸಂಭಾಜಿನಗರದವರೆಗೆ ಎಲ್ಲೂ ಸಮುದ್ರವಿಲ್ಲ. ಬೇಸಿಗೆಯಲ್ಲಿ ನಮ್ಮ ಓಣಿಗೆ ನೀರು ಬರುವುದೇ ವಾರಕ್ಕೊಂದು ಸಲ. ಆದರೂ ಬಸ್ಸಿನ ಹೊಟ್ಟೆಯ ಮೇಲೆ ಅಲೆಗಳ ಚಿತ್ರ, ಕಾಯುವ ಕೋಣೆಗೆ 'ಡೆಕ್' ಎಂಬ ಬೋರ್ಡು, ಟಿಕೆಟ್ ನೋಡುವ ಹುಡುಗನಿಗೆ ಟೈ. ನಾಮದೇವ ಕಾಕಾನಿಗೆ ಬಿಳಿ ಟೊಪ್ಪಿಗೆ ಹಾಕಿ ಕ್ಯಾಪ್ಟನ್ ಎಂದು ಕರೆದು, ಗಾಜಿನ ಗೋಡೆಯ ಆಚೆ ಕೂಡಿಸಿ, 'ಕ್ಯಾಪ್ಟನ್ ಜೊತೆ ಮಾತನಾಡಬಾರದು' ಎಂದು ಮೂರು ಭಾಷೆಯಲ್ಲಿ ಅಂಟಿಸಿದ್ದರು. ಮೂವತ್ತು ವರ್ಷ ಬಾಯಿ ಮುಚ್ಚದೆ ಗಾಡಿ ಹೊಡೆದ ಮನುಷ್ಯ.

ಅಕ್ಕ ಸುಮಾಳನ್ನು ಕೊಟ್ಟಿರುವುದು ನಾಸಿಕಕ್ಕೆ. ನನ್ನ ಕೆಲಸವೂ ಅಲ್ಲೇ ಆದ್ದರಿಂದ ನಾನು ಅವಳ ಮನೆಯಲ್ಲೇ ಇರುತ್ತೇನೆ. ಅವಳಿಗೆ ಎಂಟನೆಯ ತಿಂಗಳು ಬಿದ್ದಾಗ ಸಂಭಾಜಿನಗರದ ತವರಿಗೆ ಕಳಿಸುವ ಮಾತಾಯಿತು. ಡಾಕ್ಟರು, ಹೋಗಲಿ, ಆದರೆ ಕುಲುಕದ ಹಾಗೆ ಹೋಗಲಿ ಎಂದರು. ಭಾವ ಹೊಸ ಬಸ್ಸಿನ ಪರಮಭಕ್ತ. ಮೊಬೈಲಿನಲ್ಲಿ ಟಿಕೆಟ್ ತೆಗೆದು, ವಿಮಾನ ಕೊಂಡವರ ಹಾಗೆ ನಮಗೆ ತೋರಿಸಿದರು. "ಏನೂ ಕುಲುಕಂಗಿಲ್ಲ ನೋಡು. ಹಾಲಿನ ಗ್ಲಾಸ್ ಇಟ್ರ ಹಾಲು ಚೆಲ್ಲಂಗಿಲ್ಲಂತ."

ಸೀಟು ಯಾವುದು ಎಂದು ನಾನು ಕೇಳಿದೆ. ಕಟ್ಟಕಡೆಯ ಸಾಲು.

"ಮುಂದಿನದು?"

"ಅದು ಪನೋರಮಾ ಸೀಟ್ ಅಂತ. ಅದಕ್ಕ ರೇಟ್ ಜಾಸ್ತಿ, ಮೊದಲೇ ಯಾರೋ ತಗೊಂಡಾರ."

ನನ್ನ ಮೊದಲನೆಯ ಜಗಳದ ಗೆರೆ ಭಾವನ ಹೆಸರಿನಲ್ಲಿದೆ.

ಹೊರಡುವ ದಿನ 'ಡೆಕ್'ನಲ್ಲಿ ಎಲ್ಲ ಹಳೆಯ ಮುಖಗಳೇ. ಹೊಸ ಬಸ್ಸಿನ ಬಗ್ಗೆ ಒಬ್ಬೊಬ್ಬರದು ಒಂದೊಂದು ರಾಗ. ಕಲಬುರಗಿ ಕಡೆಯ ಶಾಂತಕ್ಕ ರೊಟ್ಟಿ ಗಂಟನ್ನು ಎದೆಗವುಚಿಕೊಂಡು, ಒಳಗೆ ತಿನ್ನುವ ಹಾಗಿಲ್ಲ ಎಂಬ ಬೋರ್ಡಿಗೆ ಶಾಪ ಹಾಕುತ್ತಿದ್ದರು. ಅವರೇ ಮರುಗಳಿಗೆಯಲ್ಲಿ ನನ್ನ ಕಿವಿಗೆ ಬಾಗಿ, "ಆದ್ರ ಒಳಗ ಸಂಡಾಸ ಅದ ಬೇ. ಇಪ್ಪತ್ತು ವರ್ಷ ನಾ ಈ ದಾರಿಗಿ ಒಂದು ಗುಟುಕ ನೀರ ಕುಡೀಲಾರದ ಹೋಗೀನಿ. ಇದೊಂದು ಪುಣ್ಯದ ಕೆಲಸ ಮಾಡ್ಯಾರ" ಎಂದರು. ಅದು ಸರಿಯಾದ ಮಾತು. ಗಂಡಸರು ಈರುಳ್ಳಿ ಹೊಲದ ಬದುವಿಗೆ ಇಳಿದು ಬರುವಾಗ ನಾವೆಲ್ಲ ಕಿಟಕಿಯಾಚೆ ನೋಡುತ್ತ ತುಟಿ ಕಚ್ಚಿ ಕೂತ ದಿನಗಳು ಹಳೆಯ ಗಾಡಿಯಲ್ಲಿ ಎಷ್ಟಿದ್ದವು ಎಂಬುದನ್ನು ನಾನೂ ಮರೆತಿಲ್ಲ. ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ: ಸೀಟು ಬಹಳ ಮೆತ್ತಗಿತ್ತು. ಕೂತ ಕೂಡಲೇ ನನ್ನ ಬೆನ್ನು ಹಾ ಎಂದು ಕಂಪನಿಯ ಪಕ್ಷ ಸೇರಿಬಿಟ್ಟಿತು. ಸ್ವಂತ ಬೆನ್ನೇ ಹೀಗೆ ಮಾಡಿದರೆ ಸಿಟ್ಟು ಕಾಯ್ದುಕೊಂಡು ಬರುವುದು ಕಷ್ಟ.

ಪನೋರಮಾ ಸೀಟಿನಲ್ಲಿ ಕೂತದ್ದು ಯಾರು ಎಂದು ಹತ್ತುವಾಗಲೇ ನೋಡಿದೆ. ನಮ್ಮ ಭಟ್ಟ ಮಾಮ. ಸಂಭಾಜಿನಗರದಲ್ಲಿ ನಮ್ಮ ಓಣಿಯ ತಿರುವಿನಲ್ಲೇ ಅವರ ಹೋಟೆಲು. ನಾನು ಹುಟ್ಟುವ ಮೊದಲಿನಿಂದ ಅಣ್ಣಾರ ಗಾಡಿಯಲ್ಲಿ ಹೋಗಿ ಬಂದವರು, ಆ ಸೀಟಿನ ಕತೆಯನ್ನು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುವವರು. ನನ್ನನ್ನು ನೋಡಿ ಕೈ ಬೀಸಿದರು. ಅಕ್ಕ ನನ್ನ ಹಿಂದಿದ್ದಳು. ಅವರ ಕಣ್ಣಿಗೆ ಬೀಳಲಿಲ್ಲ. "ಎಂತ ಚಂದ ಉಂಟು ನೋಡು ಮಾರಾಯ್ತಿ, ಇಡೀ ರಸ್ತೆ ನಮ್ಮದೇ" ಎಂದರು. ನಾನು ನಕ್ಕೆ. ಹಿಂದೆ ಜನ ನೂಕುತ್ತಿದ್ದರು.

ನಿಫಾಡ ದಾಟುವವರೆಗೆ ಹಾಲು ಚೆಲ್ಲಲಿಲ್ಲ. ಆಮೇಲೆ ರಸ್ತೆ ಕೆಟ್ಟಿತು. ಈ ಉದ್ದನೆಯ ಬಸ್ಸಿನ ಹಿಂಭಾಗ ಪ್ರತಿ ಉಬ್ಬಿಗೂ ಒಂದು ಸಲ ಎದ್ದು, ಎರಡು ಸಲ ಬೀಳುತ್ತಿತ್ತು. ಅಕ್ಕ ಮೊದಲು ತಮಾಷೆ ಮಾಡಿದಳು: "ತಲಾಠಿ, ಉಬ್ಬು ಎಣಿಸು, ನಿಮ್ಮ ಭಾವನ ಮುಂದ ಇಡೋಣ." ಯೇವಲೆ ಬರುವ ಹೊತ್ತಿಗೆ ಮಾತು ನಿಂತಿತು. ಬಸ್ಸು ಅಲ್ಲಿ ನಿಲ್ಲಲೂ ಇಲ್ಲ. ಅಕ್ಕನ ಮುಖ ಬಿಳಿಚಿತ್ತು. ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಕಲ್ಲಾಗ್ಲಿಕತ್ತದ ನೋಡು. ಒಮ್ಮೆ ಬಿಗೀತದ, ಮತ್ತ ಬಿಡ್ತದ."

ನಾನು ಟೈ ಹುಡುಗನ ಬಳಿ ಓಡಿದೆ. ನಡೆಯುವಾಗ ಬೆಲ್ಟ್ ಬಿಚ್ಚಿದ್ದಕ್ಕೆ ನನ್ನ ಸೀಟು ಹಿಂದಿನಿಂದ ಕುಂಯ್ ಕುಂಯ್ ಎಂದು ಅಳುತ್ತಿತ್ತು. ಅಕ್ಕನನ್ನು ಮುಂದೆ ಕೂಡಿಸಬೇಕು ಎಂದೆ. ಆತ ಬಹಳ ನಯವಾಗಿ, ಆ್ಯಪಿನಲ್ಲಿ ರಿಕ್ವೆಸ್ಟ್ ಹಾಕಿ ಮೇಡಂ ಎಂದ. ನಾನು ಹೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಗೆರೆ ಎರಡು.

ಸೀದಾ ಭಟ್ಟ ಮಾಮನ ಬಳಿ ಹೋದೆ. ಇಡೀ ರಸ್ತೆ ನಮ್ಮದೇ ಎಂದಿದ್ದ ಮನುಷ್ಯ, ಎದುರಿಗೆ ಆಳೆತ್ತರದ ಗಾಜು, ಗಾಜಿನಾಚೆ ಬಿಸಿಲು ಹೊಡೆದ ಹೊಲಗಳು, ಆ ಕಪ್ಪು ಪಟ್ಟಿಯನ್ನು ಕಣ್ಣಿಗೆ ಕಟ್ಟಿಕೊಂಡು, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು! ನೋಟಕ್ಕೆಂದು ದುಡ್ಡು ಕೊಟ್ಟು ಕೊಂಡ ಸೀಟು. ನಮ್ಮಲ್ಲಿ ಹಿರಿಯರನ್ನು ನಿದ್ದೆಯಿಂದ ಎಬ್ಬಿಸುವುದಿಲ್ಲ. ನಾನು ಎಬ್ಬಿಸಲಿಲ್ಲ, ಪಟ್ಟಿಯ ಇಲಾಸ್ಟಿಕ್ ಹಿಡಿದೆಳೆದು ಬಿಟ್ಟೆ.

"ಅಯ್ಯೋ! ಎಂತದು!"

"ಮಾಮ, ಸುಮಕ್ಕಗ ಎಂಟು ತಿಂಗಳು. ಹಿಂದ ಕೂತು ಸಾಯ್ಲಿಕತ್ತಾಳ. ನೀವು ತವರಿನ ಸೀಟಿನಾಗ ಮಲಗೀರಿ."

ಅವರು ಪಟ್ಟಿ ಹಣೆಗೇರಿಸಿ ಕಣ್ಣು ಪಿಳಿಪಿಳಿ ಮಾಡಿದರು. "ಸುಮಾ ಬಂದಿದ್ದಾಳಾ? ನಂಗೆ ಯಾರೂ ಹೇಳ್ಲೇ ಇಲ್ಲ ಅಲ್ವಾ." ಆಮೇಲೆ ಎದ್ದು ಚಪ್ಪಲಿ ಹುಡುಕುತ್ತ, ಯಾರನ್ನೂ ನೋಡದೆ, "ಮೂವತ್ತು ವರ್ಷ ಆಯ್ತು ಮಾರಾಯ್ತಿ, ಈ ಸೀಟಿನ ಹಿಂದೆ ಕೂತು ಬರೀ ಹೆಂಗಸರ ಜಡೆ ನೋಡಿದ್ದು. ಒಂದು ಸಲ ಮುಂದಿನ ರಸ್ತೆ ನೋಡುವ ಅಂತ ಆಸೆ ಆಯ್ತು. ಕೂತ ಕೂಡಲೇ ನಿದ್ದೆ ಬಂತಲ್ಲ, ನಾನೆಂತ ಮಾಡುವುದು" ಎಂದರು. ನಗು ಬರಬೇಕಾದ ಮಾತು. ನನಗೆ ಬರಲಿಲ್ಲ.

ಅಕ್ಕನನ್ನು ನಡೆಸಿಕೊಂಡು ಬಂದು ಮುಂದೆ ಕೂಡಿಸಿದೆ. ಭಟ್ಟ ಮಾಮ ಹಿಂದೆ ಅವಳ ಸೀಟಿಗೆ ಹೋದರು. ಟೈ ಹುಡುಗ, ಹೆಸರು ಒಂದಿದೆ, ಸೀಟು ಇನ್ನೊಂದಿದೆ ಎಂದು ಗೊಣಗುತ್ತ ಮೊಬೈಲ್ ಒತ್ತಿದ. ಯುದ್ಧ ಗೆದ್ದೆ ಎಂದುಕೊಂಡು ನಾನು ಅವಳ ಕಾಲ ಬಳಿ ಕೆಳಗೇ ಕೂತೆ.

ಒಂದು ಉಬ್ಬು ಬಂತು. ಬಸ್ಸು ಅದೇ ವೇಗದಲ್ಲಿ ಹಾರಿತು. ಅಕ್ಕ ತುಟಿ ಕಚ್ಚಿದಳು. ಇನ್ನೊಂದು. "ಇಲ್ಲಿನೂ ಅಷ್ಟೇ ಅದ ತಂಗಿ" ಎಂದಳು.

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಸೀಟು, ಸೀಟು ಎಂದು ನಾವೆಲ್ಲ ಕುಣಿದದ್ದು ಬರೀ ಒಂದು ಲೋಡಿಗೆ. ಅಲ್ಲಿ ಕೂತವಳಿಗಾಗಿ ಇಡೀ ಗಾಡಿ ನಿಧಾನ ಹೋಗುತ್ತಿತ್ತಲ್ಲ, ಇದ್ದದ್ದು ಅದು.

ಗಾಜಿನ ಗೋಡೆ ಬಡಿದೆ. ನಾಮದೇವ ಕಾಕಾ ಒಂದು ಬೆರಳಿನಷ್ಟು ಸರಿಸಿದರು. ನಾನು ಹೇಳುವ ಮೊದಲೇ, "ದಿಸತಂಯ ಗ ಬಾಯಿ, ಕಾಣ್ತದ" ಎಂದರು. ಅವರ ಮುಂದೆ ಒಂದು ಪರದೆ. ಅದರಲ್ಲಿ ಎರಡು ಅಂಕಿ, ಒಂದು ಹಸಿರು, ಒಂದು ಕೆಂಪು. ಎಲ್ಲಿ ಎಷ್ಟು ಹೊತ್ತಿಗೆ ಇರಬೇಕು ಎಂಬುದು ಅದರಲ್ಲಿ ಬರುತ್ತದೆ. ಸಮಯಕ್ಕೆ ಮುಟ್ಟದಿದ್ದರೆ ಪ್ರಯಾಣಿಕರಿಗೆ ಅರ್ಧ ಹಣ ವಾಪಸ್ ಎಂಬುದು ಕಂಪನಿಯ ದೊಡ್ಡ ಜಾಹೀರಾತು. ಅದನ್ನು ಯಾರಿಂದ ವಸೂಲು ಮಾಡುತ್ತಾರೆ ಎಂಬುದು ಜಾಹೀರಾತಿನಲ್ಲಿಲ್ಲ. "ನಾ ಹಳ್ಳೂ, ಸಾವಕಾಶ ಹೋದ್ರ ಇದು ಒದರ್ತದ, ಫೋನ್ ಬರ್ತದ. ಅವನಿಗೆ ಹೇಳು" ಎಂದು ಟೈ ಹುಡುಗನತ್ತ ಗದ್ದ ತೋರಿಸಿದರು.

ಟೈ ಹುಡುಗ ಕಂಪನಿಗೆ ಫೋನು ಹಚ್ಚಿದ. ಅವನ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ, ಅವನೂ ಬೆವರುತ್ತಿದ್ದ. ಫೋನಿಟ್ಟು ಮೈಕ್ ಹಿಡಿದು ಹಿಂದಿಯಲ್ಲಿ ಹೇಳಿದ: ಒಬ್ಬ ಗರ್ಭಿಣಿ ಪ್ರಯಾಣಿಕರಿದ್ದಾರೆ, ಬಸ್ಸು ನಿಧಾನ ಮಾಡಿದರೆ ಸುಮಾರು ಅರ್ಧ ತಾಸು ತಡವಾಗುತ್ತದೆ, ಎಲ್ಲ ಪ್ರಯಾಣಿಕರ ಒಪ್ಪಿಗೆ ಇದ್ದರೆ ಕಂಪನಿ ಅನುಮತಿ ಕೊಡುತ್ತದೆ, ಒಪ್ಪಿಗೆ ಇರುವವರು ಕೈ ಎತ್ತಿ.

ಮತದಾನ! ನನ್ನ ಅಕ್ಕನ ಹೊಟ್ಟೆಯ ಮೇಲೆ, ಯೇವಲೆ ಮತ್ತು ವೈಜಾಪುರದ ನಡುವೆ, ಮತದಾನ.

ಎಣಿಸಬಾರದಿತ್ತು. ಆದರೆ ನನ್ನ ಕಣ್ಣು ತಾನಾಗಿ ಎಣಿಸಿತು. ನಮ್ಮಿಬ್ಬರನ್ನು ಬಿಟ್ಟು ಇಪ್ಪತ್ತೊಂಬತ್ತು ಜನ. ಹದಿನೇಳು ಕೈ ಎದ್ದವು. ಶಾಂತಕ್ಕ ಎರಡೂ ಕೈ ಎತ್ತಿದ್ದರು. ಹುಡುಗ ಒಂದನ್ನೇ ಹಿಡಿದ. ಐದು ಜನ ಬಾಯಿಬಿಟ್ಟು ಬೇಡವೆಂದರು. ಲ್ಯಾಪ್‌ಟಾಪಿನವನೊಬ್ಬ, "ಸಮಯಕ್ಕೆ ಮುಟ್ಟುತ್ತೆ ಅಂತಲೇ ಇದಕ್ಕೆ ಬಂದದ್ದು" ಎಂದ. ಮೇಕಪ್ ಕೆಡದ ಒಬ್ಬ ಹೆಂಗಸು ಮರಾಠಿಯಲ್ಲಿ, "ಇಂಥ ಹೊತ್ತಿನಲ್ಲಿ ಕಾರು ಮಾಡಿಕೊಂಡು ಹೋಗಬೇಕಪ್ಪ" ಎಂದು ಕಿಟಕಿಗೆ ಹೇಳಿದಳು. ಅವಳಿಗೂ ಶಾಂತಕ್ಕನಿಗೂ ಅಲ್ಲೇ ಹತ್ತಿಕೊಂಡಿತು. "ನೀ ಏನ್ ಗಿಡದಾಗಿಂದ ಉದುರೀ ಏನ್ ಬೇ?" ಎಂದು ಶಾಂತಕ್ಕ ಕೇಳಿದ್ದು ಅವಳಿಗೆ ಅರ್ಥವಾಗಲಿಲ್ಲ, ಆದರೆ ದನಿ ಅರ್ಥವಾಯಿತು. ಉಳಿದ ಏಳು ಜನ ಕೈಯನ್ನೂ ಎತ್ತಲಿಲ್ಲ, ಬಾಯನ್ನೂ ತೆರೆಯಲಿಲ್ಲ. ಹೊರಗೆ ನೋಡುತ್ತ ಕೂತರು.

ಆ ಏಳರಲ್ಲಿ ಭಟ್ಟ ಮಾಮ ಒಬ್ಬರು. ಕಡೆಯ ಸಾಲಿನಲ್ಲಿ, ಅಕ್ಕನ ಸೀಟಿನಲ್ಲಿ, ಉಗುರು ನೋಡಿಕೊಳ್ಳುತ್ತ.

ನಾನು ಕೂಗಿದೆ. ಕನ್ನಡದಲ್ಲಿ ಶುರುಮಾಡಿ, ಸಾಕಾಗದೆ ಮರಾಠಿಗೆ ಹಾರಿ, ಕೊನೆಗೆ ಹಿಂದಿಯಲ್ಲಿ ಮುಗಿಸಿದೆ. ನಿಮ್ಮಲ್ಲಿ ಎಷ್ಟು ಜನರ ತಾಯಂದಿರು ಇದೇ ಗಾಡಿಯಲ್ಲಿ ನಿಮ್ಮನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದರು, ಆಗ ಯಾರು ಕೈ ಎತ್ತಿದ್ದರು ಎಂದು ಕೇಳಿದೆ. ಭಾಷಣ ಚೆನ್ನಾಗಿತ್ತು. ನಡುವೆ ಒಂದು ಉಬ್ಬು ಬಂದು ನಾನು ಟೈ ಹುಡುಗನ ಮೇಲೆ ಬಿದ್ದದ್ದರಿಂದ ಅದರ ತೂಕ ಕಮ್ಮಿಯಾಯಿತು.

ಅಕ್ಕ ಹಿಂದೆ ತಿರುಗಲಿಲ್ಲ. ಗಾಜಿನತ್ತ ನೋಡುತ್ತಲೇ ಹೇಳಿದಳು: "ಸಾಕು ಮಾಡು ತಂಗಿ. ನನ್ನ ಕೂಸಿನ ಸಲುವಾಗಿ ಯಾರೂ ಕೈ ಎತ್ತೂದು ಬ್ಯಾಡ. ಕಾಕಾ, ವೈಜಾಪುರದಾಗ ನಿಂದ್ರಸ್ರಿ. ನಾ ಇಳೀತೀನಿ."

ಕಾಕಾ ನಿಲ್ಲಿಸಿದರು. ಪರದೆ ಒದರಿತು. ಶಾಂತಕ್ಕ ತಮ್ಮ ರೊಟ್ಟಿ ಗಂಟನ್ನು ನನ್ನ ಕೈಗೆ ತುರುಕಿದರು. ನಮ್ಮನ್ನು ಇಳಿಸಿ ಹೊರಟ ಬಸ್ಸು ಬಹಳ ನಿಧಾನವಾಗಿ, ಹಾಸಿಗೆಯ ಮೇಲೆ ಮಗು ಇಳಿಸಿದ ಹಾಗೆ, ಸ್ಟ್ಯಾಂಡಿನ ತಗ್ಗು ದಾಟಿತು. ಇನ್ನು ಯಾರಿಗೆ ಬೇಕಾಗಿತ್ತು ಅದು!

ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಕ್ಕನನ್ನು ಎಡಮಗ್ಗುಲಿಗೆ ಮಲಗಿಸಿ ಡಾಕ್ಟರಿಗೆ ಫೋನು ಮಾಡಿದೆ. ನೀರು ಕುಡಿಸಿ, ಕಾದು ನೋಡಿ, ಇಳಿಯದಿದ್ದರೆ ಅಲ್ಲೇ ಆಸ್ಪತ್ರೆಗೆ ಹೋಗಿ ಎಂದರು. ನನ್ನ ಅಂಗೈ ಅವಳ ಹೊಟ್ಟೆಯ ಮೇಲೆಯೇ ಇತ್ತು. ಬಿಗಿದು ಬಿಟ್ಟಿತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ಬಿಗಿಯಿತು. ಆಮೇಲೆ ಬಿಗಿಯಲಿಲ್ಲ; ಒಳಗಿನಿಂದ ಒಂದು ಒದೆ ಬಂತು. "ನಿನ್ನ ಭಾಷಣಕ್ಕ ಚಪ್ಪಾಳಿ" ಎಂದಳು ಅಕ್ಕ. ನಾನು ಅತ್ತೆ. ಅವಳು ಶಾಂತಕ್ಕನ ಗಂಟು ಬಿಚ್ಚಿ ರೊಟ್ಟಿ ತಿಂದಳು.

ಮೊದಲು ಬಂದದ್ದು ಸರ್ಕಾರಿ ಬಸ್ಸು, ವೇರೂಳ, ಖುಲ್ತಾಬಾದ್ ಸುತ್ತಿ ಹೋಗುವುದು. ದರ್ಗಾಕ್ಕೆ ಹೊರಟವರು ಕಿಕ್ಕಿರಿದಿದ್ದರು. ಕಿಟಕಿಯೊಂದರ ಗಾಜು ಇರಲಿಲ್ಲ. ಕಂಡಕ್ಟರ್ ಒಬ್ಬ ದಪ್ಪನೆಯ ಹೆಂಗಸು. ಅಕ್ಕನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದರು, ಮುಂದೆ ಕೂತಿದ್ದ ಇಬ್ಬರು ಕಾಲೇಜು ಹುಡುಗರಿಗೆ "ಉಠಾ ರೇ" ಎಂದು ಎಬ್ಬಿಸಿದರು, ಡ್ರೈವರಿಗೆ "ಸಾವಕಾಶ!" ಎಂದು ಕೂಗಿ ಸಿಳ್ಳೆ ಹೊಡೆದರು. ಅಷ್ಟೇ. ಒಂದು ತಾಸಿನ ಮೇಲೆ ಯಾರೋ ಹಿಂದಿನಿಂದ, ಇದು ಬಸ್ಸೋ ಎತ್ತಿನ ಗಾಡಿಯೋ ಎಂದರು. "ಮಗ ಉತರಾ ಆಣಿ ಚಾಲತ ಜಾ," ಇಳಿದು ನಡೆದುಕೊಂಡು ಹೋಗು ಎಂದು ಕಂಡಕ್ಟರಮ್ಮ ಟಿಕೆಟ್ ಹರಿಯುತ್ತಲೇ ಹೇಳಿದರು. ಆತ ಇಳಿಯಲಿಲ್ಲ. ಎಲ್ಲರೂ ನಕ್ಕರು, ಆತನೂ ನಕ್ಕ. ದೌಲತಾಬಾದಿನ ಕಲ್ಲಿನ ದರವಾಜೆಯಲ್ಲಿ ಗಾಡಿಗಳು ಒಂದರ ಹಿಂದೊಂದು ನಿಂತಾಗ ಅಕ್ಕ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಅವ್ವನಿಗೆ ನಾನು ವೈಜಾಪುರದಿಂದಲೇ ಫೋನು ಮಾಡಿದ್ದೆ. ಅವಳು ಆಗ ಸಂಭಾಜಿನಗರದಲ್ಲಿ ಹೊಸ ಬಸ್ಸಿನ 'ಡೆಕ್'ನಲ್ಲಿ ಕಾಯುತ್ತಿದ್ದಳು. ಸರ್ಕಾರಿ ಸ್ಟ್ಯಾಂಡಿಗೆ ಬರುತ್ತೇನೆ ಎಂದಿದ್ದಳು. ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿದಾಗ ಅವಳ ಪಕ್ಕದಲ್ಲಿ, ಕೈಯಲ್ಲಿ ಉದ್ದನೆಯ ಥರ್ಮಾಸು ಹಿಡಿದು, ಬಿಸಿಲಿಗೆ ಟವೆಲು ಹೊದ್ದು ನಿಂತಿದ್ದವರು ಭಟ್ಟ ಮಾಮ.

ಅವ್ವ ಅಲ್ಲೇ, ನಡುಸ್ಟ್ಯಾಂಡಿನಲ್ಲಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಉಪ್ಪಿನಿಂದ ಅಕ್ಕನ ದೃಷ್ಟಿ ತೆಗೆದಳು. ಆಮೇಲೆ ನನ್ನತ್ತ ತಿರುಗಿ, "ಭಟ್ಟರು ಎರಡು ತಾಸಾತು ನಿಂತು. ಸಂಜೀಕ ಅವರ ಹೋಟೆಲಿನಾಗ ಎಂಗೇಜ್‌ಮೆಂಟ್ ಆರ್ಡರ್ ಅದ. ಹೋಗ್ರಿ ಅಂದ್ರ ಕೇಳ್ವಲ್ಲರು. ಸಾಂಬಾರಿಗಿ ಎಷ್ಟು ಹುಳಿ ಅಂತ ಫೋನಿನಾಗ ಹೇಳ್ಲಿಕತ್ತಾರ" ಎಂದಳು.

ಅರ್ಧ ತಾಸಿಗೆ ಕೈ ಎತ್ತದ ಮನುಷ್ಯ. ನನಗೆ ಕಾಫಿಯ ಲೋಟ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

"ಮಾಮ, ನಿಮ್ಮ ಮ್ಯಾಲ ನನಗ ಭಾಳ ಸಿಟ್ಟದ."

"ಇರಲಿ. ಇರಬೇಕು." ಲೋಟ ಹಿಡಿದ ಕೈ ಹಾಗೇ ಇತ್ತು. "ಒಪ್ಪಿಗೆ ಉಂಟಾ ಅಂತ ಕೇಳಿದ ನೋಡು ಆ ಹುಡುಗ. ಕೇಳಿದ ಕೂಡಲೇ ತಲೆ ಲೆಕ್ಕ ಹಾಕ್ಲಿಕ್ಕೆ ಶುರು ಮಾಡಿತು. ಆರ್ಡರ್ ಉಂಟು, ಮಗನಿಗೆ ಸಾಂಬಾರ್ ಬರುವುದಿಲ್ಲ, ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ ಅಲ್ಲ, ಒಂದು ಗಂಟೆ. ಲೆಕ್ಕ ಮುಗಿಯುವಾಗ ನೀವು ಇಳಿದಾಗಿತ್ತು. ಅಣ್ಣಾರು ಯಾವತ್ತಾದರೂ ಕೇಳಿದ್ದುಂಟಾ ನಮ್ಮನ್ನು?"

ಅಕ್ಕ ಕೈ ಚಾಚಿ ಆ ಲೋಟ ತಗೊಂಡಳು. ಒಂದು ಗುಟುಕು ಕುಡಿದು ಕೇಳಿದಳು: "ಹಿಂದಿನ ಸೀಟ್ ಹ್ಯಾಂಗಿತ್ರಿ ಮಾಮಾ?"

"ಕೇಳಬೇಡ ಮಾರಾಯ್ತಿ. ವೈಜಾಪುರದಿಂದ ಇಲ್ಲಿವರೆಗೆ ಹೊಟ್ಟೆ ಹಿಡ್ಕೊಂಡೇ ಬಂದದ್ದು ನಾನು."

"ನಾ ಇಳಿದ ಮ್ಯಾಲ ಮುಂದಿಂದು ಖಾಲಿನೇ ಇತ್ತಲ್ರಿ. ದುಡ್ಡ ಕೊಟ್ಟಿದ್ದು ನಿಮ್ಮದೇ ಸೀಟು. ಅಲ್ಲಿ ಹೋಗಿ ಕೂಡಬೇಕಿಲ್ಲ?"

ಭಟ್ಟ ಮಾಮ ಅವಳನ್ನು, ಈ ಹುಡುಗಿ ಏನು ಕೇಳುತ್ತಿದ್ದಾಳೆ ಎಂಬಂತೆ ನೋಡಿದರು.

"ಅಲ್ಲಿಯಾ? ಅಲ್ಲಿ ಹೇಗೆ ಕೂರುವುದು?"